ಥಾಯ್ ಹೋಟೆಲುಗಳೂ ನಾವು ಹೇಳಿದ ಒಂದು ತಪ್ಪು ಉತ್ತರವೂ

ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಯೊಬ್ಬ ಬಂದಿದ್ದ. ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಉಳಿದ ದಿನ ಊರಲ್ಲಿ. ಏಳನೇ ತರಗತಿಯ ಮಕ್ಕಳ ಮುಂದೆ ಅವನನ್ನು ನಿಲ್ಲಿಸಿ "ನಾಲ್ಕು ಮಾತಾಡಪ್ಪಾ" ಎಂದೆವು. ಮೊದಮೊದಲು ನಾಚಿಕೊಂಡವನು ಆಮೇಲೆ ಸಲೀಸಾಗಿ ಮಾತಾಡಿದ. ತಾನು ನೋಡಿದ ಬಂದರುಗಳ ಹೆಸರು ಹೇಳುತ್ತಾ, "ಎಲ್ಲಿಗೆ ಹೋದರೂ ಒಂದು ಥಾಯ್ ಹೋಟೆಲು ಇದ್ದೇ ಇರುತ್ತದೆ. ನಮ್ಮವರದ್ದು ಹುಡುಕಬೇಕು, ಅವರದ್ದು ಕಣ್ಣಿಗೆ ಬೀಳುತ್ತದೆ" ಎಂದ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅವರು ಅಷ್ಟು ದೂರ ಹೋಗಿ ಹೋಟೆಲೇ ಯಾಕೆ ಇಟ್ಟರು ಸರ್?" ಎಂದು ಕೇಳಿದಳು. ಅವಳು ಕೇಳಿದ್ದು ಅವನನ್ನು. ಉತ್ತರ ಕೊಟ್ಟದ್ದು ಮಾತ್ರ ನಾವು! "ಅಡುಗೆ ಅವರ ರಕ್ತದಲ್ಲೇ ಇದೆ ಮಗಾ."

ಮಕ್ಕಳು ಸುಮ್ಮನೆ ಕೂತರು. ಹಳೆ ವಿದ್ಯಾರ್ಥಿ ಏನೂ ಹೇಳದೆ ನಕ್ಕ. ಆ ನಗು ನಮಗೆ ಸ್ವಲ್ಪ ಚುಚ್ಚಿತು. ಯಾಕೆ ಎಂದು ಕೊನೆಗೆ ಹೇಳುತ್ತೇವೆ. ಮನೆಗೆ ಬಂದು ಒಂದಷ್ಟು ಓದಿ ನೋಡಿದಾಗ ತಿಳಿಯಿತು, ನಾವು ಕೊಟ್ಟ ಉತ್ತರ ಶುದ್ಧ ತಪ್ಪು. ಮಕ್ಕಳಿಗೆ ತಪ್ಪು ಹೇಳಿದ ಮೇಲೆ ತಿದ್ದಿ ಹೇಳುವುದು ನಮ್ಮ ಕೆಲಸ ತಾನೇ?

ಮೊದಲು ಲೆಕ್ಕ ನೋಡೋಣ. ಅಮೆರಿಕದಲ್ಲಿರುವ ಥಾಯ್ ಮೂಲದವರು ಸುಮಾರು 3 ಲಕ್ಷ. ಭಾರತೀಯ ಮೂಲದವರು 45 ಲಕ್ಷಕ್ಕೂ ಹೆಚ್ಚು. ಹಾಗಿದ್ದೂ ಅಲ್ಲಿನ ಏಷ್ಯಾ ಮಾದರಿಯ ಹೋಟೆಲುಗಳನ್ನು ಪ್ಯೂ ಎಂಬ ಸಂಶೋಧನಾ ಸಂಸ್ಥೆ 2023ರಲ್ಲಿ ಎಣಿಸಿದಾಗ ನೂರಕ್ಕೆ 11 ಥಾಯ್ ಹೋಟೆಲುಗಳಿದ್ದವು, ಭಾರತೀಯ ಹೋಟೆಲುಗಳು ಅದಕ್ಕಿಂತ ಕಡಿಮೆ. ಅಮೆರಿಕದ ಏಷ್ಯಾ ಮೂಲದ ಜನರಲ್ಲಿ ಥಾಯ್ ಜನ ನೂರಕ್ಕೆ ಇಬ್ಬರೂ ಇಲ್ಲ ಎಂಬುದನ್ನು ನೆನಪಿಡಿ. ರಕ್ತದ ಮಾತು ಇಲ್ಲೇ ಕುಸಿಯುತ್ತದೆ. ಅಡುಗೆ ಬಾರದ ಜನ ಲೋಕದಲ್ಲಿ ಎಲ್ಲಿದ್ದಾರೆ?

1965ರವರೆಗೆ ಅಮೆರಿಕದ ಬಾಗಿಲು ಏಷ್ಯಾದವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆ ವರ್ಷ ವಲಸೆ ಕಾನೂನು ಬದಲಾಯಿತು, ದೇಶ ನೋಡಿ ಮಿತಿ ಹಾಕುವ ಹಳೆಯ ಕ್ರಮ ಹೋಯಿತು. ಅದೇ ಹೊತ್ತಿಗೆ ವಿಯೆಟ್ನಾಂ ಯುದ್ಧ ಕಾವೇರಿತ್ತು. ಅಮೆರಿಕದ ಬಾಂಬರ್ ವಿಮಾನಗಳು ಹಾರುತ್ತಿದ್ದುದು ಥಾಯ್ಲೆಂಡಿನ ಉಡೋನ್, ಕೊರಾಟ್, ಉಬೋನ್, ಉಟಪಾವ್ ನೆಲೆಗಳಿಂದ. ಹತ್ತಾರು ಸಾವಿರ ಅಮೆರಿಕನ್ ಸೈನಿಕರು ಆ ದೇಶದಲ್ಲಿ ಬೀಡುಬಿಟ್ಟಿದ್ದರು. ವಿಯೆಟ್ನಾಮಿನಲ್ಲಿ ಕಾದಾಡಿ ದಣಿದವರು ರಜೆಗೆ ಬರುತ್ತಿದ್ದುದೂ ಬ್ಯಾಂಕಾಕಿಗೆ. ಇವರಲ್ಲದೆ ಅಧಿಕಾರಿಗಳ ಹೆಂಡಂದಿರು, ಹಳ್ಳಿಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಬಂದ ಸ್ವಯಂಸೇವಕರು. ಇವರೆಲ್ಲ ಅಲ್ಲಿನ ಊಟ ಉಂಡು, ರುಚಿ ನಾಲಗೆಗೆ ಹತ್ತಿಸಿಕೊಂಡು ಊರಿಗೆ ಮರಳಿದರು. ಮೇರಿ ವಿಲ್ಸನ್ ಎಂಬಾಕೆ 1965ರಲ್ಲೇ ಸಯಾಮಿ ಅಡುಗೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು. ಅಂದರೆ ಹೋಟೆಲು ತೆರೆಯುವ ಮೊದಲೇ ಗಿರಾಕಿ ಒಂದಷ್ಟು ತಯಾರಾಗಿದ್ದ. ಅವನನ್ನು ತಯಾರು ಮಾಡಿದ್ದು ಯುದ್ಧ. ಇದನ್ನು ಬರೆಯುವಾಗ ನಮಗೆ ಒಂದು ರೀತಿಯ ಮುಜುಗರ.

ಹಾಗೆ ಹೋದ ಥಾಯ್ ಜನ ಯಾರು? ಅಡುಗೆಭಟ್ಟರು ಹೋದರು ಎಂದು ನಾವು ಎಣಿಸಿದ್ದೆವು. ಮೊದಲು ಹೋದವರು ವಿದ್ಯಾರ್ಥಿಗಳು, ದಾದಿಯರು, ವೈದ್ಯರು, ಸೈನಿಕರನ್ನು ಮದುವೆಯಾದ ಹೆಂಗಸರು. ವಿದ್ಯಾರ್ಥಿಗಳು ಬಹಳಷ್ಟು ಮಂದಿ ಲಾಸ್ ಏಂಜಲೀಸಿಗೆ ಹೋದರು. ಮನೆಯಿಂದ ಬರುವ ಹಣ ಸಾಲದೆ ಸಂಜೆ ಹೊತ್ತು ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ತರಕಾರಿ ಹೆಚ್ಚಿದರು. ಓದು ಮುಗಿಸಿ ಊರಿಗೆ ಹೋಗೋಣವೆಂದರೆ ಅಲ್ಲಿ ಸೈನಿಕ ಆಡಳಿತ. 1973ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳ ದಂಗೆ, 1976ರ ಅಕ್ಟೋಬರಿನಲ್ಲಿ ತಮ್ಮಸಾತ್ ವಿಶ್ವವಿದ್ಯಾಲಯದೊಳಗೇ ವಿದ್ಯಾರ್ಥಿಗಳ ಕೊಲೆ. ಹಲವರು ಅಲ್ಲೇ ಉಳಿಯುವುದೇ ವಾಸಿ ಎಂದುಕೊಂಡರು. ಉಳಿದರೆ ಉದ್ಯೋಗ? ಕೈಯಲ್ಲಿ ಬ್ಯಾಂಕಾಕಿನ ಪದವಿ, ಬಾಯಲ್ಲಿ ತಡವರಿಸುವ ಇಂಗ್ಲಿಷ್. ಕಚೇರಿಯ ಬಾಗಿಲಲ್ಲಿ ಎರಡಕ್ಕೂ ಬೆಲೆ ಇಲ್ಲ. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಸರ್ಟಿಫಿಕೇಟು ಒಂದು ಭಾಷೆಯದು, ಅರ್ಜಿಯ ನಮೂನೆ ಇನ್ನೊಂದು ಭಾಷೆಯದು, ಸಂದರ್ಶನ ಮೂರನೆಯದರಲ್ಲಿ!

ಅಡುಗೆಮನೆಯಲ್ಲಿ ಮಾತ್ರ ಯಾರೂ ಸರ್ಟಿಫಿಕೇಟು ಕೇಳಲಿಲ್ಲ. ಆದ್ದರಿಂದ ಅಡುಗೆಮನೆ.

ತಮಾಷೆಯೆಂದರೆ ಇವರಲ್ಲಿ ಅನೇಕರಿಗೆ ಊರಲ್ಲಿದ್ದಾಗ ಒಲೆಯ ಹತ್ತಿರ ಹೋಗಿಯೇ ಗೊತ್ತಿರಲಿಲ್ಲ. ಥಾಯ್ ಪೇಟೆಗಳಲ್ಲಿ ಗಾಡಿ ಅಂಗಡಿಯಲ್ಲಿ ತಿನ್ನುವುದೇ ರೂಢಿ. ಅಮ್ಮನಿಗೆ ಪತ್ರ ಬರೆದು, ನಾಲಗೆಯ ನೆನಪು ಹಿಡಿದು, ಕೆಡಿಸಿ ಕೆಡಿಸಿ ಕಲಿತರು. ಅದೂ ಸಾಮಾನಿಲ್ಲದ ಊರಲ್ಲಿ. ಥಾಯ್ ಸಾರಿಗೆ ಮಜ್ಜಿಗೆ ಹುಲ್ಲು ಬೇಕು, ಶುಂಠಿಯ ನೆಂಟನಂತಿರುವ ಗಲಂಗಲ್ ಗೆಡ್ಡೆ ಬೇಕು, ಮಕ್ರೂಟ್ ಎಂಬ ನಿಂಬೆಯ ಎಲೆ ಬೇಕು, ನಮ್ಮ ಗಾಂಧಾರಿ ಮೆಣಸಿನಂಥ ಸಣ್ಣ ಮೆಣಸು ಬೇಕು, ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಬೇಕು. ನಿಂಬೆ ಜಾತಿಯ ಹಸಿ ಎಲೆಗಳನ್ನು ಹೊರದೇಶದಿಂದ ತರಲು ಅಮೆರಿಕದ ಕೃಷಿ ಇಲಾಖೆ ಬಿಡುವುದಿಲ್ಲ, ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ತಗಲುತ್ತದೆಂಬ ಹೆದರಿಕೆ. ಎಲೆ ಸಿಗದಲ್ಲಿ ನಿಂಬೆ ಸಿಪ್ಪೆ, ಹುಣಸೆ ಸಿಗದಲ್ಲಿ ಟೊಮೆಟೊ ಕೆಚಪ್. ನಮ್ಮ ಮನೆಯಲ್ಲಿ ಇಂಗು ಮುಗಿದ ದಿನ ಸಾರು ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ.

ಈ ಕಷ್ಟವನ್ನು ಕಂಡು 1970ರ ದಶಕದ ಆರಂಭದಲ್ಲಿ, ವಿದ್ಯಾರ್ಥಿಯಾಗಿ ಬಂದಿದ್ದ ಒಬ್ಬ ಥಾಯ್ ವಲಸಿಗ ಲಾಸ್ ಏಂಜಲೀಸಿನ ಮೆಲ್ರೋಸ್ ಅವೆನ್ಯೂವಿನಲ್ಲಿ ಜೀನಸಿನ ಅಂಗಡಿ ಇಟ್ಟ. ಹೆಸರು ಬ್ಯಾಂಕಾಕ್ ಮಾರ್ಕೆಟ್. ಅಮೆರಿಕದ ಮೊದಲ ಥಾಯ್ ದಿನಸಿ ಅಂಗಡಿ ಎಂದು ಅದನ್ನೇ ಹೇಳುತ್ತಾರೆ. ತರಿಸಲಾಗದ ಸೊಪ್ಪು ಗೆಡ್ಡೆಗಳನ್ನು ಪಕ್ಕದ ಮೆಕ್ಸಿಕೋದಲ್ಲಿ ಬೆಳೆಸಿ ತರಿಸುವ ದಾರಿಯನ್ನೂ ಕಂಡುಕೊಂಡ. ಸಾಮಾನು ಸಿಕ್ಕಿದ್ದೇ ತಡ, ಸುತ್ತಮುತ್ತ ಒಂದೊಂದೇ ಹೋಟೆಲು ಎದ್ದಿತು. ಅವನ ಮಗ ಜೆಟ್ ತಿಲಾ ಇಂದು ಅಮೆರಿಕದ ಟಿ.ವಿ.ಯಲ್ಲಿ ಹೆಸರಾಂತ ಬಾಣಸಿಗ. ಅಂಗಡಿ 2019ರಲ್ಲಿ ಮುಚ್ಚಿತು. ಹೋಟೆಲುಗಳ ಬಗ್ಗೆ ಮಾತಾಡುವವರು ಇಂಥ ಅಂಗಡಿಯನ್ನು ಮರೆಯುತ್ತಾರೆ. ನಮಗಂತೂ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಜೀನಸಿನ ಅಂಗಡಿಯೇ.

ಇನ್ನು ಬಂಡವಾಳ. ಬ್ಯಾಂಕಿನವರು ಹೊಸಬರಿಗೆ ಸಾಲ ಕೊಡುವುದು ಎಲ್ಲ ದೇಶದಲ್ಲೂ ಕಷ್ಟವೇ. ಥಾಯ್ ಜನರಲ್ಲಿ 'ಶೇರ್ ಆಡುವುದು' ಎಂಬ ಪದ್ಧತಿ ಇದೆ. ಹತ್ತಿಪ್ಪತ್ತು ಮಂದಿ ಸೇರಿ ತಿಂಗಳು ತಿಂಗಳು ಹಣ ಹಾಕುವುದು, ಸರದಿಯಲ್ಲಿ ಒಬ್ಬೊಬ್ಬರು ಇಡೀ ಗಂಟನ್ನು ಎತ್ತುವುದು. ಓದುತ್ತಾ ಓದುತ್ತಾ ನಗು ಬಂತು. ಇದು ನಮ್ಮ ಕುರಿಯಲ್ಲವೇ? ನಮ್ಮೂರಲ್ಲಿ ಹೆಣ್ಣುಮಕ್ಕಳ ಮದುವೆ ನಡೆದದ್ದೂ ಮಾಡಿಗೆ ಹಂಚು ಬಿದ್ದದ್ದೂ ಕುರಿ ಹಣದಲ್ಲೇ. ಗಂಟು ಎತ್ತಿದವ ಓಡಿಹೋಗುವ ಗೋಳು ಇಲ್ಲಿಯಂತೆ ಅಲ್ಲೂ ಉಂಟು. ಅದಕ್ಕೆ ಮನೆಮಂದಿಯ ಸಂಬಳವಿಲ್ಲದ ದುಡಿಮೆ ಸೇರಿಸಿ. ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲದಲ್ಲಿ, ಮಕ್ಕಳು ಹಿಂದಿನ ಮೇಜಿನಲ್ಲಿ ಮನೆಪಾಠ ಬರೆದು ಆಮೇಲೆ ನೀರು ಕೊಡಲು.

ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಕಾಗದಪತ್ರದ್ದು. 1966ರಲ್ಲಿ ಅಮೆರಿಕವೂ ಥಾಯ್ಲೆಂಡೂ ಒಂದು ಸ್ನೇಹ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅಂಥ ಒಪ್ಪಂದವಿರುವ ದೇಶದವರು ಸಾಕಷ್ಟು ಹಣ ಹೂಡಿ ಅಮೆರಿಕದಲ್ಲಿ ಸ್ವಂತ ವ್ಯಾಪಾರ ನಡೆಸುವುದಾದರೆ ಇ-2 ಎಂಬ ವೀಸಾ ಸಿಗುತ್ತದೆ. ಕಾಯಂ ವಾಸದ ಹಕ್ಕಲ್ಲ, ಆದರೆ ವ್ಯಾಪಾರ ನಡೆಯುವಷ್ಟು ಕಾಲ ಮತ್ತೆ ಮತ್ತೆ ಮುಂದುವರಿಸಿಕೊಳ್ಳಬಹುದು. ವ್ಯಾಪಾರಕ್ಕೆ ಅಗತ್ಯವಾದ ವಿಶೇಷ ಕೆಲಸ ಬಲ್ಲ ಸ್ವದೇಶದವರನ್ನೂ ಕರೆಸಬಹುದು. ಥಾಯ್ ಅಡುಗೆಯವ ಆ ಲೆಕ್ಕದಲ್ಲಿ ಬರುತ್ತಾನೆ. ಭಾರತಕ್ಕೆ ಅಮೆರಿಕದೊಂದಿಗೆ ಅಂಥ ಒಪ್ಪಂದವಿಲ್ಲ, ಆದ್ದರಿಂದ ನಮ್ಮ ಪಾಸ್‌ಪೋರ್ಟಿಗೆ ಈ ವೀಸಾ ಇಲ್ಲ. ರಕ್ತ ರಕ್ತ ಎಂದೆವಲ್ಲ, ಇಲ್ಲಿ ನೋಡಿದರೆ ಒಂದು ಸಹಿ!

ಅವರು ಹರಡಿದ ರೀತಿ ಸರಳ. ಒಬ್ಬನ ಹೋಟೆಲಿಗೆ ನೆಂಟನೊಬ್ಬ ಕೆಲಸಕ್ಕೆ ಬರುತ್ತಾನೆ. ಮೂರು ನಾಲ್ಕು ವರ್ಷದಲ್ಲಿ ಅಡುಗೆ, ಲೆಕ್ಕ, ಎರಡನ್ನೂ ಕಲಿಯುತ್ತಾನೆ. ತನ್ನದೇ ಒಂದು ಇಡಬೇಕೆಂದಾಗ ಉಂಡ ಮನೆಯ ಎದುರು ಇಡಲಾಗದು, ಇಟ್ಟರೆ ಇಬ್ಬರಿಗೂ ನಷ್ಟ. ಥಾಯ್ ಹೋಟೆಲಿಲ್ಲದ ಪಕ್ಕದ ಊರಿಗೆ ಹೋಗುತ್ತಾನೆ. ಅಲ್ಲಿಂದ ಮತ್ತೊಬ್ಬ ಮತ್ತೊಂದು ಊರಿಗೆ. ತಿನಿಸಿನ ಪಟ್ಟಿಯೂ ಹಾಗೇ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲ ಕಡೆ ಅದೇ ಪಾಡ್ ಥಾಯ್, ಅದೇ ಟೋಮ್ ಯಂ, ಅದೇ ಹಸುರು ಗಸಿ. ಈ ಪಾಡ್ ಥಾಯ್ ಕೂಡ ಅಜ್ಜಿ ಕಾಲದ ಅಡುಗೆ ಏನಲ್ಲ. ಸಯಾಮ್ ಎಂಬ ದೇಶಕ್ಕೆ 1939ರಲ್ಲಿ ಥಾಯ್ಲೆಂಡ್ ಎಂದು ಹೆಸರಿಟ್ಟ ಪ್ರಧಾನಿ ಪಿಬುಲ್ ಸೋಂಗ್ರಾಮ್, ಜನರು ಶ್ಯಾವಿಗೆ ತಿನ್ನಲಿ ಎಂದು ಪ್ರಚಾರ ಮಾಡಿಸಿದ ಕಾಲದಲ್ಲಿ ಅದು ಹೆಸರಿಗೆ ಬಂತು. ಅಕ್ಕಿ ಶ್ಯಾವಿಗೆ ಹುರಿಯುವ ಕೈಚಳಕ ಚೀನೀಯರದು, ಹುಣಸೆ ಬೆಲ್ಲದ ರುಚಿ ಅಲ್ಲಿಯದು.

ಯುರೋಪಿನಲ್ಲಿ ಕಥೆಯ ಮುಖ ಬೇರೆ. ಅಲ್ಲಿಗೆ ಹೋದ ಥಾಯ್ ಜನರಲ್ಲಿ ಬಹುಪಾಲು ಹೆಂಗಸರು, ಅದರಲ್ಲೂ ಈಶಾನ್ಯದ ಈಸಾನ್ ಎಂಬ ಬಡ ಬರಪ್ರದೇಶದವರು, ಜರ್ಮನಿ ಸ್ವೀಡನ್‌ಗಳ ಗಂಡಸರನ್ನು ಮದುವೆಯಾಗಿ ಹೋದವರು. ಗಂಡನ ಹೆಸರಲ್ಲಿ ಪರವಾನಗಿ, ಹೆಂಡತಿಯ ಕೈಯಲ್ಲಿ ಸೌಟು. 1980ರಲ್ಲಿ ಬ್ರಸೆಲ್ಸಿನಲ್ಲಿ ಶುರುವಾಗಿ ಆಮೇಲೆ ಲಂಡನ್ ಮುಂತಾದೆಡೆ ಹಬ್ಬಿದ ಬ್ಲೂ ಎಲಿಫೆಂಟ್ ಎಂಬ ದೊಡ್ಡ ಹೋಟೆಲಿನ ಹಿಂದೆಯೂ ನೂರೊರ್ ಸೊಮಾನಿ ಎಂಬ ಥಾಯ್ ಮಹಿಳೆಯೂ ಆಕೆಯ ಬೆಲ್ಜಿಯನ್ ಗಂಡನೂ ಇದ್ದಾರೆ. ಹೀಗೆ ಹೆಸರು ಗಳಿಸಿದವರು ಕೆಲವರು. ಹೆಸರಿಲ್ಲದವರು ಎಷ್ಟೋ.

ಎಲ್ಲವನ್ನೂ ಹೂವಿನ ಹಾಗೆ ಹೇಳಿದರೆ ಮಕ್ಕಳಿಗೆ ಮೋಸ ಮಾಡಿದಂತೆ. 1995ರ ಆಗಸ್ಟ್ 2ರಂದು ಲಾಸ್ ಏಂಜಲೀಸ್ ಬಳಿಯ ಎಲ್ ಮೋಂಟೆ ಎಂಬಲ್ಲಿ ಮುಳ್ಳುತಂತಿ ಸುತ್ತಿದ ವಸತಿಕಟ್ಟಡಕ್ಕೆ ಪೊಲೀಸರು ನುಗ್ಗಿದಾಗ ಒಳಗೆ 72 ಮಂದಿ ಥಾಯ್ ಕೆಲಸಗಾರರಿದ್ದರು. ಹೆಚ್ಚಿನವರು ಹೆಂಗಸರು. ಒಳ್ಳೆಯ ಕೆಲಸವೆಂದು ನಂಬಿಸಿ ಕರೆತಂದು, ಕೆಲವರನ್ನು ವರ್ಷಗಟ್ಟಲೆ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದರು. ಮಾಡಿದವರೂ ಥಾಯ್ ಜನರೇ. ಅಮೆರಿಕಕ್ಕೆ ಹೋದರೆ ಸಾಕು ಎನ್ನುವವರಿಗೆ ಇದೂ ತಿಳಿದಿರಲಿ. ಬಿಡುಗಡೆಯಾದ ಆ ಹೆಂಗಸರಲ್ಲಿ ಒಬ್ಬಾಕೆ ಮುಂದೆ ಅದೇ ಊರಿನ ಹೊರವಲಯದಲ್ಲಿ ಸ್ವಂತ ಥಾಯ್ ಹೋಟೆಲು ಇಟ್ಟರು. ಆಕೆಯ ರಕ್ತದಲ್ಲಿ ಅಡುಗೆ ಇತ್ತು ಎಂದು ಹೇಳುವ ಧೈರ್ಯ ಈಗ ನಮಗಿಲ್ಲ.

ಈಗ ನಮ್ಮ ತಕರಾರಿನ ವಿಷಯಕ್ಕೆ ಬರೋಣ. ಈಚೆಗೆ ಇಂಟರ್ನೆಟ್ಟಿನಲ್ಲಿ ಒಂದು ಮಾತು ಬಹಳ ಓಡುತ್ತಿದೆ. ಲೋಕದ ತುಂಬ ಥಾಯ್ ಹೋಟೆಲು ಇರುವುದು ಥಾಯ್ ಸರಕಾರದ ಜಾಣತನದಿಂದ, ಎಲ್ಲವೂ ಒಂದು ಯೋಜನೆ ಎಂಬುದು. ಯೋಜನೆ ಇದ್ದದ್ದು ನಿಜ. ತಕ್ಸಿನ್ ಶಿನವಾತ್ರ ಪ್ರಧಾನಿಯಾಗಿದ್ದಾಗ, 2002ರಲ್ಲಿ, ಅದು 'ಗ್ಲೋಬಲ್ ಥಾಯ್' ಎಂಬ ಹೆಸರಲ್ಲಿ ಜೋರಾಗಿ ಶುರುವಾಯಿತು. ಹೊರದೇಶದಲ್ಲಿ ಹೋಟೆಲು ಇಡುವವರಿಗೆ ಸರಕಾರಿ ಬ್ಯಾಂಕುಗಳಿಂದ ಸಾಲ, ಅಡುಗೆಯವರಿಗೆ ತರಬೇತಿ, ಥಾಯ್ ಸಾಮಾನಿನ ರಫ್ತಿಗೆ ಒತ್ತಾಸೆ, ಒಳ್ಳೆಯ ಹೋಟೆಲಿಗೆ 'ಥಾಯ್ ಸೆಲೆಕ್ಟ್' ಎಂಬ ಮುದ್ರೆ. ಹೋಟೆಲು ಹೇಗಿರಬೇಕೆಂಬ ಮಾದರಿಯನ್ನೂ ಮೂರು ದರ್ಜೆಯಲ್ಲಿ ಸಿದ್ಧಮಾಡಿದರು. ಅಗ್ಗದ್ದಕ್ಕೆ ಎಲಿಫೆಂಟ್ ಜಂಪ್, ನಡುವಿನದಕ್ಕೆ ಕೂಲ್ ಬೇಸಿಲ್, ದುಬಾರಿಗೆ ಗೋಲ್ಡನ್ ಲೀಫ್! ನ್ಯೂಜಿಲೆಂಡಿನ ಜೊತೆ 2005ರ ಒಪ್ಪಂದದಲ್ಲಿ ಥಾಯ್ ಬಾಣಸಿಗರಿಗೆ ಪ್ರತ್ಯೇಕ ಅವಕಾಶ ಕೇಳಿ ಪಡೆದರು. 2014ರಲ್ಲಿ ಥಾಯ್ ಅಡುಗೆ ಸರಿಯಾಗಿದೆಯೇ ಎಂದು ನೋಡಲು ರುಚಿ ಅಳೆಯುವ ಯಂತ್ರವನ್ನೇ ಮಾಡಿಸಿದರು. ನಮ್ಮ ಮಧ್ಯಾಹ್ನದೂಟದ ಸಾಂಬಾರಿಗೆ ಅದನ್ನು ತಂದರೆ ಯಂತ್ರ ಏನು ಹೇಳೀತು ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆಯಿತು. ಅಡುಗೆಯಕ್ಕ ಆಗ ಅಲ್ಲಿರಲಿಲ್ಲ, ಪುಣ್ಯ.

ಸರಕಾರ ತನ್ನ ಜನರ ಊಟವನ್ನು ಹೀಗೆ ಗೌರವದ ವಿಷಯವೆಂದು ತಿಳಿಯುವುದು ಒಳ್ಳೆಯದೇ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ 2002ರಲ್ಲಿ ಯೋಜನೆಯ ಸುದ್ದಿ ಬರೆದ ಎಕನಾಮಿಸ್ಟ್ ಪತ್ರಿಕೆಯಲ್ಲೇ ಇನ್ನೊಂದು ಅಂಕಿ ಇದೆ. ಹೊರದೇಶಗಳಲ್ಲಿ ಆಗಲೇ 5,500 ಥಾಯ್ ಹೋಟೆಲುಗಳಿದ್ದವು, ಅವನ್ನು ಮರುವರ್ಷದೊಳಗೆ 8,000 ಮಾಡುವುದು ಸರಕಾರದ ಗುರಿ. ಆ 5,500 ಎಲ್ಲಿಂದ ಬಂದವು? ಯಾವ ಸರಕಾರಿ ಸಾಲವೂ ಇಲ್ಲದೆ, ಯಾವ ಮುದ್ರೆಯೂ ಇಲ್ಲದೆ, ಪಾತ್ರೆ ತೊಳೆದು ಕುರಿ ಕಟ್ಟಿ ಮೂವತ್ತು ವರ್ಷದಲ್ಲಿ ಬಂದವು. 2018ರ ಹೊತ್ತಿಗೆ ಸಂಖ್ಯೆ 15 ಸಾವಿರ ದಾಟಿತು, ಅದರಲ್ಲಿ ಸರಕಾರದ ಪಾಲು ಇದ್ದೇ ಇದೆ. ಆದರೂ ತೋಟ ಮಾಡಿದವನನ್ನು ಬಿಟ್ಟು ಬೇಲಿ ಹಾಕಿದವನಿಗೆ ಫಲದ ಹೆಸರು ಕೊಡುವುದನ್ನು ನಾವು ಒಪ್ಪುವುದಿಲ್ಲ. ಅದೂ ಅಲ್ಲದೆ, ಲಾಸ್ ಏಂಜಲೀಸಿನ ವಾಟ್ ಥಾಯ್ ದೇವಾಲಯದ ಅಂಗಳದಲ್ಲಿ ಶನಿವಾರ ಭಾನುವಾರ ಅಡುಗೆ ಮಾರುತ್ತಿದ್ದ ಹೆಂಗಸರ ಅಂಗಡಿಗಳನ್ನು ನೆರೆಯವರು ದೂರಿ 2007ರಲ್ಲಿ ನಿಲ್ಲಿಸಿದಾಗ ಹೋರಾಡಿ ಮತ್ತೆ ತೆರೆಸಿದವರು ಅಲ್ಲಿನ ಸಾಮಾನ್ಯ ಥಾಯ್ ಜನರೇ.

ಇಷ್ಟು ದೂರ ಹೋದ ಮೇಲೆ ನಮ್ಮ ಕಡೆಗೂ ಒಮ್ಮೆ ನೋಡಲೇಬೇಕು. 'ಹೋಟೆಲು ಉಡುಪಿಯವರ ರಕ್ತದಲ್ಲಿದೆ' ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ದೊಡ್ಡವರಾದವರು. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಡಂದಲೆ ಕೃಷ್ಣರಾಯರು ಮಠದ ಅಡುಗೆಮನೆಯಲ್ಲಿ ಆಳಾಗಿ ದುಡಿದು ಬಂದವರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಊಟದ ಮನೆ ತೆರೆದ ರಾಮ ನಾಯಕರೂ ಬರಿಗೈಯಲ್ಲಿ ಹೋದವರೇ. ಅಲ್ಲೂ ಒಬ್ಬ ನೆಂಟ, ಪಕ್ಕದ ಬೀದಿ, ಮತ್ತೊಬ್ಬ ನೆಂಟ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಮುಂಬಯಿಯಲ್ಲಿ ಎಷ್ಟು ಮಂದಿ! ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲೂ ಮನೆಗೊಬ್ಬ ಅಂಥವರು ಸಿಗುತ್ತಾರೆ. ಅವರನ್ನು ಕೇಳಿ ನೋಡಿ, ರಕ್ತದ ಮಾತು ಯಾರೂ ಆಡುವುದಿಲ್ಲ. ಗದ್ದೆ ಸಾಲುತ್ತಿರಲಿಲ್ಲ, ಮಾವ ಅಲ್ಲಿದ್ದರು ಎನ್ನುತ್ತಾರೆ.

ಇನ್ನು, ನಮ್ಮ ಹಳೆ ವಿದ್ಯಾರ್ಥಿಯ ನಗುವಿನ ವಿಷಯ. ಅವನು ಏಳನೇ ತರಗತಿಯಲ್ಲಿದ್ದಾಗ ಗಣಿತದಲ್ಲಿ ಹಿಂದೆ. ಒಂದು ದಿನ ಇಡೀ ತರಗತಿಯ ಮುಂದೆ ನಾವು ಅವನಿಗೆ, "ಹೀಗೇ ಆದರೆ ನೀನು ಹೋಟೆಲಿನಲ್ಲಿ ಗ್ಲಾಸು ತೊಳೆಯಲಿಕ್ಕೇ ಲಾಯಕ್ಕು" ಎಂದಿದ್ದೆವು. ಮೇಷ್ಟ್ರುಗಳಾದ ನಾವು ಯಾರು ಈ ಮಾತು ಆಡಿಲ್ಲ? ಹೆದರಿಸಿದರೆ ಓದಿಯಾರು ಎಂಬ ಲೆಕ್ಕ. ಆದರೆ ಎದುರಿಗೆ ಕೂತ ಮಕ್ಕಳಲ್ಲಿ ಇಬ್ಬರು ಮೂವರ ಅಪ್ಪಂದಿರು ಆಗಲೇ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದರು. ಅದು ನಮಗೆ ಅಂದು ಹೊಳೆಯಲಿಲ್ಲ. ಹುಡುಗ ಹತ್ತನೇ ಮುಗಿಸಿ ಮುಂಬಯಿಗೆ ಹೋದ, ಗ್ಲಾಸು ತೊಳೆದ, ತವೆಗೆ ನಿಂತ, ಹಡಗು ಹತ್ತಿದ. ವಾರ್ಷಿಕೋತ್ಸವದ ದಿನ ಹೋಗುವಾಗ ಶಾಲೆಯ ಅಡುಗೆಮನೆಗೆ ಎರಡು ದೊಡ್ಡ ಕುಕ್ಕರ್ ಕೊಟ್ಟು ಹೋದ. ಹಳೆಯ ಮಾತು ಅವನಿಗೆ ನೆನಪಿದೆಯೇ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಮರುವಾರ ತರಗತಿಯಲ್ಲಿ ಗೋಡೆಗೆ ಭೂಪಟ ತೂಗುಹಾಕಿ, ಹೋದ ವಾರ ಹೇಳಿದ್ದು ತಪ್ಪು ಎಂದು ಹೇಳಿಯೇ ಪಾಠ ಶುರುಮಾಡಿದೆವು. ಯುದ್ಧ, ಕಾನೂನು, ಜೀನಸಿನ ಅಂಗಡಿ, ಕುರಿ, ಎಲ್ಲ ಹೇಳಿದೆವು. ಕುರಿಯ ವಿಷಯ ಬಂದಾಗ ಮಕ್ಕಳೆಲ್ಲ ಒಟ್ಟಿಗೆ ಮಾತಾಡಿದರು, ಎಲ್ಲರ ಮನೆಯಲ್ಲೂ ಒಂದು ಕುರಿ ಇತ್ತು. ವೀಸಾದ ವಿಷಯ ಮುಗಿಸಿ ಪುಸ್ತಕ ಮುಚ್ಚುವ ಹೊತ್ತಿಗೆ ಹಿಂದಿನ ಬೆಂಚಿನ ಅದೇ ಹುಡುಗಿ ಮತ್ತೆ ಎದ್ದಳು.

"ನಮ್ಮವರು ಆ ಒಪ್ಪಂದಕ್ಕೆ ಯಾಕೆ ಸಹಿ ಹಾಕಲಿಲ್ಲ ಸರ್?"

ಈ ಸಲ ನಾವು ಬಾಯಿಗೆ ಬಂದದ್ದು ಹೇಳಲಿಲ್ಲ. ಓದಿ ಬಂದು ಹೇಳುತ್ತೇವೆ ಎಂದೆವು. ಅವಳು ಅದನ್ನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದಾಳೆ.